ಸರದಿಯ ಬಾಣ

ಬೆಳಿಗ್ಗೆ ಮಳೆ ಬಿದ್ದಲ್ಲೇ ಮಂಜುಗಡ್ಡೆಯಾಗುತ್ತಿತ್ತು, ಅಯೋವಾದ ಮಾರ್ಚ್ ತಿಂಗಳಿಗೆ ಯಾರ ದಾಕ್ಷಿಣ್ಯವೂ ಇಲ್ಲ, ಕಾರಿನ ಮುಂಗಾಜನ್ನು ಕೆರೆದೂ ಕೆರೆದೂ ಮರಗಟ್ಟಿದ ಬೆರಳು ಇನ್ನೂ ಬಿಸಿಯಾಗಿಲ್ಲ, ಪೆನ್ಸಿಲು ಜಾರುತ್ತಿದೆ — ಏನೇ ಅರ್ಲಿಸ್, ಪೆನ್ಸಿಲು ನಿಲ್ತಿಲ್ಲ, ಚರ್ಚಿನ ಕಾಫಿ ಜಾಸ್ತಿ ಆಯ್ತಾ, ಅನ್ನುತ್ತಾನೆ ಪಕ್ಕದಲ್ಲಿ ಗಡಿಯಾರ ನೋಡಿಕೊಳ್ಳುವ ಲೈಲ್, ಗಡಿಯಾರಕ್ಕಿರೋ ಹಾಗೆ ನಿನ್ನ ನಾಲಿಗೆಗೂ ಒಂದು ಗುಂಡಿ ಇದ್ದಿದ್ರೆ ನಿಲ್ಲಿಸಿಬಿಡ್ತಿದ್ದೆ ಕಣೋ, ಅಂದೆನೋ, ಮನಸ್ಸಿನಲ್ಲೇ ಅಂದುಕೊಂಡೆನೋ — ಗಡಿಯಾರ ಐದು ಸೆಕೆಂಡು ಬಾಕಿಯಿರುವಾಗ ನಿಂತಿದೆ, ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್, ಕಾನ್ಫರೆನ್ಸಿನ ಫೈನಲ್, ನಮ್ಮ ಕಾಲೇಜು ಒಂದೇ ಅಂಕ ಮುಂದೆ, ಗೆದ್ದವರು ರಾಷ್ಟ್ರೀಯ ಪಂದ್ಯಾವಳಿಗೆ, ಸೋತವರು ಮನೆಗೆ, ನನ್ನ ಮೊಮ್ಮಗಳು ಬ್ರೆನ್ನಾ ಮತ್ತು ಎದುರು ತಂಡದ ನೀಲಿ ಅಂಗಿಯ ಹುಡುಗಿ ಒಂದೇ ಚೆಂಡನ್ನು ತಬ್ಬಿಕೊಂಡು ನೆಲಕ್ಕೆ ಬಿದ್ದಿದ್ದಾರೆ, ರೆಫರಿ ಡ್ವೇನ್ ಎರಡೂ ಹೆಬ್ಬೆರಳು ಮೇಲೆತ್ತಿದ್ದಾನೆ, ಚೆಂಡು ಇಬ್ಬರದೂ ಎಂದು, ಇಬ್ಬರದೂ ಆದಾಗ ಸರದಿ, ಒಮ್ಮೆ ಇವರಿಗೆ ಒಮ್ಮೆ ಅವರಿಗೆ, ಯಾರ ಸರದಿಯೆಂದು ಹೇಳುವುದು ನನ್ನ ಮೇಜಿನ ಮೇಲಿನ ಈ ಕೆಂಪು ದೀಪದ ಬಾಣ, ಒಬ್ಬರ ಸರದಿ ಮುಗಿದ ಕೂಡಲೇ ಅದನ್ನು ಆಚೆಗೆ ತಿರುಗಿಸುವುದು ನನ್ನ ಕೆಲಸ, ಬಾಣ ನಮ್ಮ ಕಡೆಗಿದೆ, ನಮ್ ಚೆಂಡು ನಮ್ ಚೆಂಡು ಎಂದು ಬೆಂಚುಗಳೆಲ್ಲ ಎದ್ದು ನಿಂತಿವೆ — ಆದರೆ ನಾನು ಅಂಕ ಬರೆಯುವ ಪುಸ್ತಕದ ಅಂಚಿನಲ್ಲಿ ಪೆನ್ಸಿಲಿನ ಚಿಕ್ಕ ಬಾಣ, ನನ್ನ ಗಂಡ ಹೆರಾಲ್ಡ್ ಬದುಕಿದ್ದಾಗ ಇದೇ ಕುರ್ಚಿಯಲ್ಲಿ ಕೂತು ಹಾಕುತ್ತಿದ್ದ ಗುರುತು, ಪ್ರತಿ ಸರದಿಗೊಂದು, ಆಟದ ಮೂರನೆಯ ಕಾಲು ಭಾಗದಲ್ಲಿ ನಮ್ಮ ಸರದಿ ಮುಗಿದಿದೆ, ಬರೆದಿದ್ದೇನೆ, ದೀಪ ಮಾತ್ರ ತಿರುಗಿಸಿಲ್ಲ, ಆ ಗಳಿಗೆಯಲ್ಲೇ ಬ್ರೆನ್ನಾ ಮೊಣಕಾಲು ಹಿಡಿದುಕೊಂಡು ಉರುಳಿದ್ದಳಲ್ಲ, ಕರ್ತನೇ ಆ ಕಾಲೊಂದನ್ನು ಉಳಿಸು, ಇನ್ನೇನೂ ಕೇಳುವುದಿಲ್ಲ, ಎಂದು ನಾನು ಕೈ ಜೋಡಿಸಿದ್ದೆ, ಜೋಡಿಸಿದ ಕೈ ಗುಂಡಿ ಒತ್ತಲಿಲ್ಲ, ಅವಳು ಎದ್ದಳು, ಓಡಿದಳು, ಕೇಳಿದ್ದನ್ನು ಅವನು ಆಗಲೇ ಕೊಟ್ಟಾಗಿದೆ — ಬುಧವಾರ ಈಸ್ಟರಿಗೆ ಮುಂಚಿನ ಉಪವಾಸಕಾಲದಲ್ಲಿ ಚರ್ಚಿನ ಸೂಪಿನೂಟಕ್ಕೆ ಆಲೂಗಡ್ಡೆ ಸುಲಿಯುತ್ತ ಅಂದಿದ್ದಳು, ಇದು ಕಾಲೇಜಿನ ಕೊನೇ ವರ್ಷ ಅಜ್ಜಿ, ಸೋತ್ರೆ ಅಲ್ಲಿಗೆ ಮುಗೀತು, ಇನ್ಮೇಲೆ ಯಾರೂ ನನ್ನತ್ರ ಚೆಂಡು ಕೊಡು ಅಂತ ಕೇಳಲ್ಲ, ಸಿಪ್ಪೆ ಮಾತ್ರ ಉದ್ದಕ್ಕೆ ಇಳಿಯುತ್ತಿತ್ತು, ಕಡಿಯದೆ — ಯಾರೂ ನೋಡಿಲ್ಲ, ಲೈಲ್ ನೋಡಿಲ್ಲ, ನೀಲಿಯವರ ಕೋಚ್ ಬಾಣವನ್ನು ನೋಡಿ ತಲೆ ತಗ್ಗಿಸಿದ್ದಾನೆ, ನಂಬಿದ್ದಾನೆ, ಪೆನ್ಸಿಲಿನ ಹಿಂದೆ ರಬ್ಬರು ಇದೆ, ಒಂದು ಸಲ ಉಜ್ಜಿದರೆ ಆ ಚಿಕ್ಕ ಗುರುತು ಇರುವುದೇ ಇಲ್ಲ, ರಬ್ಬರು ಕಾಗದಕ್ಕೆ ತಾಗಿದೆ, ಯಾವಾಗ ತಾಗಿಸಿದೆ — ಡ್ವೇನ್, ಇಲ್ಲಿ ಬಾ, ಇದು ನನ್ನ ಧ್ವನಿಯೇ, ಬಾಣ ತಿರುಗಿಸೋದು ಮರೆತಿದ್ದೀನಪ್ಪ, ಚೆಂಡು ಅವರದು, ಅವನು ಮೇಜಿಗೆ ಬಗ್ಗುತ್ತಾನೆ, ಖಂಡಿತಾನಾ ಅರ್ಲಿಸ್, ಇನ್ನೊಂದ್ಸಲ ನೋಡಿ, ಅನ್ನುತ್ತಾನೆ, ನೋಡಿದೀನಿ, ಬರೆದಿದೀನಿ, ಟಕ್ ಎಂದು ಗುಂಡಿ, ಬಾಣ ಆಚೆಗೆ, ಬೆನ್ನ ಹಿಂದೆ ಯಾರೋ, ನೀನು ಯಾರ ಕಡೆಯವಳಮ್ಮಾ, ಲೈಲ್ ತನ್ನ ಗಡಿಯಾರದ ಗುಂಡಿಯ ಮೇಲೆ ಬೆರಳಿಟ್ಟು ಕೂತಿದ್ದಾನೆ — ಬ್ರೆನ್ನಾ ಬಾಣ ನೋಡಿದಳು, ನನ್ನನ್ನು ನೋಡಿದಳು, ಸಿಪ್ಪೆ ಸುಲಿಯುವಾಗಿನ ಅದೇ ಮುಖ, ಚೆಂಡನ್ನು ಎಸೆಯಲಿಲ್ಲ, ನೆಲಕ್ಕೆ ಕುಕ್ಕಲಿಲ್ಲ, ನಾಲ್ಕು ಹೆಜ್ಜೆ ನಡೆದು ನೀಲಿ ಅಂಗಿಯ ಹುಡುಗಿಯ ಕೈಗೆ ಇಟ್ಟಳು, ಎರಡೂ ಕೈಯಿಂದ, ಐದು ಸೆಕೆಂಡು ಇನ್ನೂ ಹಾಗೇ ಇದೆ, ಮತ್ತು ಕೆಂಪು ಬಾಣ, ಆಚೆಗೆ, ಕೆಂಪು ಬಾಣ