ಪೈಠಣಿಯ ಘಡಿ

೧೯೮೩ರ ಮಾರ್ಚ್ ಕೊನೆಯ ವಾರ. ಸೋಮವಾರ ಹಿರೋಳ್ಳಿಯ ದೌಲತರಾಯರ ಮನೆಗೆ ಪೈಠಣಿ ಸೀರೆ ಬಂತು. ಮಂಗಳವಾರ ಓಣಿಯ ಹೆಂಗಸರೆಲ್ಲ ಬಂದು ನೋಡಿದರು. ಬುಧವಾರ ಮಧ್ಯಾಹ್ನ ಹಿರಿಯ ಸೊಸೆ ಸುಮಿತ್ರಾಬಾಯಿ ಆ ಸೀರೆಯಿದ್ದ ಕೋಣೆಗೆ ಹೋಗಿ ಒಳಗಿನಿಂದ ಅಗಳಿ ಹಾಕಿಕೊಂಡಳು.

ಸೀರೆ ಕಿರಿಯ ಸೊಸೆ ಶಾರದಾಬಾಯಿಯದು, ತವರಿನವರು ಕೊಟ್ಟದ್ದು. ಕೈಮಗ್ಗದಲ್ಲಿ ಆರು ತಿಂಗಳು ನೇಯ್ದದ್ದಂತೆ. ಸೆರಗಿನ ತುಂಬ ಅಜಂತೆಯ ಗೋಡೆಚಿತ್ರದ ಕಮಲಗಳು, ಸುತ್ತಲೂ ಗುಹೆಯ ಬಾಗಿಲಿನಂಥ ಕಮಾನು. ಹೊಸ ಸೀರೆಯನ್ನು ಒಡತಿ ತಾನೇ ಮೊದಲು ಉಡುವಂತಿಲ್ಲ. ಮನಸ್ಸಿಗೆ ಹತ್ತಿರದವಳಿಂದ ಘಡಿ ಮುರಿಸಬೇಕು, ಅಂದರೆ ಮಡಿಕೆ ಬಿಚ್ಚಿ ಅವಳಿಗೆ ಒಮ್ಮೆ ಉಡಿಸಬೇಕು. ಶಾರದಾಬಾಯಿ ಇನ್ನೂ ಯಾರ ಹೆಸರನ್ನೂ ಎತ್ತಿರಲಿಲ್ಲ.

ಮಂಗಳವಾರ ನೆರೆಮನೆಯ ಚಮನಬಿ ಕೇಳಿಯೇಬಿಟ್ಟಿದ್ದಳು. “ಶಾರದಾ, ಘಡಿ ನಾ ಮುರೀಲೇನು? ಆಮ್ಯಾಲ ವಾಪಸ್ ಕೊಡ್ತೇನಿ ಅಂತ ಮಾತ್ರ ಹೇಳಂಗಿಲ್ಲ ನೋಡು.”

“ತಡೀ ಬೇ, ಗಡಬಡ ಯಾಕ?” ಎಂದು ಶಾರದಾಬಾಯಿ ನಕ್ಕಿದ್ದಳು.

ಆ ನಗು ಸುಮಿತ್ರಾಬಾಯಿಯ ಹೊಟ್ಟೆಗೆ ಕಿಚ್ಚು ಹಚ್ಚಿತು. ಹನ್ನೊಂದು ವರ್ಷ ಈ ಮನೆಯ ಒಲೆ ಉರಿಸಿದವಳು ತಾನು. ಮಾನ ಮಾತ್ರ ನೆರೆಯವಳಿಗೆ.

ಬುಧವಾರ ಶಾರದಾಬಾಯಿ ಹಿಟ್ಟಿನ ಗಿರಣಿಗೆ ಹೋದಾಗ ಸುಮಿತ್ರಾಬಾಯಿ ಸೀರೆಯ ಟ್ರಂಕು ತೆರೆದಳು. ಮೊದಲು ಹುಡುಕಿದ್ದು ದೋಷವನ್ನು. ಸೆರಗನ್ನು ತಿರುವಿ ನೋಡಿದಳು: ಒಳಮೈಯೂ ಹೊರಮೈಯಷ್ಟೇ ಚೊಕ್ಕ, ಒಂದು ಎಳೆಯೂ ಸಡಿಲವಿಲ್ಲ. ದೋಷ ಸಿಕ್ಕಿದ್ದರೆ ಬಹುಶಃ ಅಷ್ಟಕ್ಕೇ ಸಮಾಧಾನವಾಗುತ್ತಿತ್ತು. ಮಡಿಕೆಗಳನ್ನು ಎಣಿಸಿಕೊಂಡು ಬಿಚ್ಚಿದಳು, ಉಟ್ಟಳು, ಕನ್ನಡಿಯ ಮುಂದೆ ನಿಂತಳು. ಇದು ಶಾರದಾಬಾಯಿಗಿಂತ ತನಗೇ ಹೆಚ್ಚು ಒಪ್ಪುತ್ತದೆಂದು ತೀರ್ಮಾನಿಸಿದಳು. ಮತ್ತೆ ಅಂಚಿಗೆ ಅಂಚು ಕೂಡಿಸಿ, ಅಷ್ಟೇ ಮಡಿಕೆ ಹಾಕಿ, ಇದ್ದಲ್ಲೇ ಇಟ್ಟಳು.

ಸಂಜೆ ಶಾರದಾಬಾಯಿ ತಾಟಿನಲ್ಲಿ ಸೀರೆ, ಕುಂಕುಮ, ಹೂವು ಇಟ್ಟುಕೊಂಡು ಬಂದಳು. “ಅಕ್ಕೋರ, ಈ ಕಡೆ ಬರ್ರಿ. ಘಡಿ ನೀವು ಮುರೀರಿ.”

“ಚಮನಬಿಗೆ ಕೊಡಂಗಿಲ್ಲೇನ್ ಬೇ?”

“ಅಕಿ ಸುಮ್ನ ನಗಸಾಕ ಮಸ್ಕಿರಿ ಮಾಡಾಕತ್ತಿದ್ಳರಿ. ನೀವು ಹುಟ್ಟಿದ್ದು ಬುಧವಾರ ಅಂತ ಅತ್ತಿ ಹೇಳಿದ್ರು. ಅದಕ್ಕ ಇವತ್ತಿನತನಕ ತಡದೇನಿ.”

ಸುಮಿತ್ರಾಬಾಯಿಯ ಕೈ ಮುಂದೆ ಬರಲಿಲ್ಲ. “ನೀನ ಬಿಚ್ಚು,” ಎಂದಳು.

ಶಾರದಾಬಾಯಿ ಚಾಪೆಯ ಮೇಲೆ ಸೀರೆ ಹರವುತ್ತ ಹೋಗಿ, ಅರ್ಧಕ್ಕೇ ಕೈ ನಿಲ್ಲಿಸಿದಳು. ಅಂಚಿನಿಂದ ಸೊಂಟದೆತ್ತರದವರೆಗೆ, ಗೇಣಿಗೊಂದರಂತೆ, ಉಟ್ಟಾಗ ಮಾತ್ರ ಬೀಳುವ ನಿರಿಗೆಯ ಗೆರೆಗಳು ಬಿದ್ದಿದ್ದವು. ಬೆರಳಿಟ್ಟು ಎಣಿಸಿದಳು, ಏಳು. ತಲೆ ಎತ್ತದೆಯೇ ಹೇಳಿದಳು:

“ಅಕ್ಕೋರ, ಇದರ ಘಡಿ ಯಾರೋ ಆಗ್ಲೇ ಮುರದಾರ್ರಿ.”