ಮೂವತ್ತರವರೆಗೆ

“ಇನ್ನೂ ಸಾಯಲಿಲ್ವಾ?”

ಸಾಹೇಬರು ಅವಳ ಕುರ್ಚಿಯ ಬೆನ್ನು ಹಿಡಿದು ಪರದೆಯತ್ತ ಬಗ್ಗಿದ್ದರು. ಅವಳು ಹನ್ನೊಂದು, ಹನ್ನೆರಡು ಎಂದು ತುಟಿಯೊಳಗೇ ಎಣಿಸುತ್ತಿದ್ದಳು.

“ಏನಮ್ಮ, ಕಣ್ಣಾಮುಚ್ಚಾಲೆ ಆಡ್ತಿದೀಯಾ? ಅತಿಥಿಗಳು ಮೆಟ್ಟಿಲು ಹತ್ತಾಯ್ತು.”

“ಮೂವತ್ತರವರೆಗೆ ಕಾಯ್ಬೇಕು ಸರ್. ನಿಲ್ಲು ಅಂತ ಹೇಳಿದೀನಿ. ಕೈಯಲ್ಲಿರೋದನ್ನ ಎತ್ತಿಟ್ಟು ನಿಲ್ಲೋಕೆ ಅದಕ್ಕೆ ಸ್ವಲ್ಪ ಹೊತ್ತು ಬೇಕು.”

“ಅದರ ಕೈಯಲ್ಲೇನಿದೆ ಮಣ್ಣು? ಒಂದು ಬಣ್ಣದ ಚಿತ್ರ.”

ಗಾಜಿನ ಗೋಡೆಯಾಚೆ, ಸಭಾಂಗಣದ ದೊಡ್ಡ ಪರದೆಯ ಮೇಲೆ, ಗಣಿಯ ಕಸದ ಗುಡ್ಡ ಅರ್ಧ ತಿರುಗಿ ನಿಂತುಬಿಟ್ಟಿತ್ತು. ಬೂದು ಗುಡ್ಡ, ಬುಡದಲ್ಲಿ ನಾಲ್ಕು ಸಾಲು ಮನೆ, ಮೇಲೊಂದು ಹುಸಿ ಸೂರ್ಯ. ಬಂದವರಿಗೆ ತೋರಿಸಲೆಂದು ಸಾಹೇಬರು ಮಾಡಿಸಿದ್ದು. ತಿರುಗಿಸಲೆಂದು ಅವರು ಗುಂಡಿ ಒಮ್ಮೆ ಒತ್ತಿದರು, ಮಿಸುಕಲಿಲ್ಲ. ಬಾರದ ಲಿಫ್ಟಿನ ಗುಂಡಿ ಒತ್ತುವವರ ಹಾಗೆ ಮತ್ತೆ ಮತ್ತೆ ಒತ್ತಿದರು. ಒತ್ತಿದಷ್ಟು ಸಲವೂ ಅದೇ ಪ್ರೋಗ್ರಾಮಿನ ಇನ್ನೊಂದು ಪ್ರತಿ ಎದ್ದು ಕೂತಿತು. ಈಗ ಏಳು ಪ್ರತಿಗಳು ಒಂದರ ಕಾಲು ಇನ್ನೊಂದು ತುಳಿಯುತ್ತ, ಯಾವ ಮಾತಿಗೂ ಓಗೊಡದೆ ಕೂತಿದ್ದವು.

ಅವಳ ಕಪ್ಪು ಪರದೆಯ ಪಟ್ಟಿಯಲ್ಲಿ ಅವೇ ಏಳು ಸಾಲು. ಪ್ರತಿ ಸಾಲಿನ ಮೊದಲಿಗೆ ಐದಂಕಿಯ ಒಂದು ಸಂಖ್ಯೆ, ಕೊನೆಗೆ ಒಂದು ಹೆಸರು. ಸಂಖ್ಯೆಗಳು ಬೇರೆ ಬೇರೆ, ಹೆಸರು ಮಾತ್ರ ಏಳಕ್ಕೂ ಒಂದೇ: ಗುಡ್ಡ.

ಎಲ್ಲಕ್ಕಿಂತ ಮೇಲೆ ಎಂಟನೆಯ ಸಾಲೊಂದಿತ್ತು. ಅದೂ ಗುಡ್ಡವೇ. ಅದು ಹತ್ತೊಂಬತ್ತು ದಿನಗಳಿಂದ ಓಡುತ್ತಿತ್ತು.

ಆ ಕಚೇರಿಯ ರೀತಿಯೇ ಹಾಗೆ. ಇಪ್ಪತ್ತು ವರ್ಷದ ಹಿಂದೆ ಇಂಜಿನಿಯರೊಬ್ಬರು, ಎಲ್ಲರೂ ಗುಡ್ಡದ ಮೇಷ್ಟ್ರು ಎಂದು ಕರೆಯುವ ಮನುಷ್ಯ, ಇಳಿಜಾರು ನಿಲ್ಲುತ್ತದೋ ಜಾರುತ್ತದೋ ಎಂದು ಲೆಕ್ಕ ಹಾಕುವ ಪ್ರೋಗ್ರಾಮು ಬರೆದು ಅದಕ್ಕೆ ಗುಡ್ಡ ಎಂದು ಹೆಸರಿಟ್ಟರು. ಆಮೇಲೆ ಯಾರಿಗೆ ಏನು ಬೇಕಾದರೂ ಅದನ್ನೇ ನಕಲು ಮಾಡಿ ಒಳಗಿನದನ್ನು ಬದಲಿಸಿಕೊಂಡರು. ಹೆಸರು ಬದಲಿಸಬೇಕಾದರೆ ಹದಿನಾಲ್ಕು ಕಡೆ ಬದಲಿಸಬೇಕಿತ್ತು, ಅದಕ್ಕೆ ಯಾರೂ ಕೈಹಾಕಲಿಲ್ಲ. ಯಂತ್ರದೊಳಕ್ಕೆ ಹೋಗುವ ಗುಪ್ತಪದವೂ ಎಲ್ಲರಿಗೂ ಒಂದೇ. ಹೀಗಾಗಿ ಗೋಡೆಯ ಮೇಲೆ ಮೇಷ್ಟ್ರ ದುಂಡು ಅಕ್ಷರದ ಒಂದು ಹಾಳೆ ಅಂಟಿಕೊಂಡಿತ್ತು. “ಹೆಸರು ಹಿಡಿದು ನಿಲ್ಲಿಸಬೇಡಿ, ಸಂಖ್ಯೆ ನೋಡಿ ನಿಲ್ಲಿಸಿ. ಮೊದಲು ಹದಿನೈದು. ಮೂವತ್ತರವರೆಗೆ ಎಣಿಸಿ. ಆಗಲೂ ಕೇಳದಿದ್ದರೆ ಮಾತ್ರ ಒಂಬತ್ತು.”

ಹದಿನೈದು ಎಂದರೆ ವಿನಂತಿ. ಪ್ರೋಗ್ರಾಮು ಅದನ್ನು ಕೇಳಿಸಿಕೊಂಡು, ಮಾಡಿದಷ್ಟನ್ನು ಉಳಿಸಿಟ್ಟು, ತಾನಾಗಿ ನಿಲ್ಲುತ್ತದೆ. ಒಂಬತ್ತು ಅದರ ಕಿವಿಗೇ ಬೀಳುವುದಿಲ್ಲ, ನೇರ ಕುತ್ತಿಗೆಗೆ ಬೀಳುತ್ತದೆ. ನಾಲ್ಕು ವರ್ಷದ ಹಿಂದೆ ಈ ಕೋಣೆಗೆ ಬಂದ ಹೊಸದರಲ್ಲಿ ಅವಳಿಗೆ ಆ ಹಾಳೆ ನೋಡಿ ನಗು ಬಂದಿತ್ತು. ಮೇಷ್ಟ್ರು ಬೇಸರಪಟ್ಟುಕೊಳ್ಳಲಿಲ್ಲ. “ನಗು ಪರವಾಗಿಲ್ಲಮ್ಮ, ಎಣಿಸ್ತಾ ನಗು,” ಎಂದಿದ್ದರು. ಕಪ್ಪು ಪರದೆಯ ಮುಂದೆ ಅವಳು ಕಲಿತದ್ದೆಲ್ಲ ಅವರ ಪಕ್ಕ ಸ್ಟೂಲು ಹಾಕಿಕೊಂಡು ಕೂತು ಕಲಿತದ್ದು.

ಹದಿನೆಂಟು. ಹತ್ತೊಂಬತ್ತು.

“ಏಳು ಇದಾವೆ ಅಂತೀಯ. ಒಂದೊಂದಕ್ಕೂ ಮೂವತ್ತು ಎಣಿಸ್ತಾ ಕೂತ್ರೆ ಅವರು ಮನೆಗೆ ಹೋಗಿ ಮಲಗಿರ್ತಾರೆ,” ಎಂದರು ಸಾಹೇಬರು. “ಒಂದೇ ಏಟಿಗೆ ಎಲ್ಲಾನೂ ಮುಗಿಸೋಕೆ ಬರಲ್ವಾ?”

“ಬರತ್ತೆ ಸರ್. ಆದ್ರೆ…”

“ನಿನ್ನ ಕಾಂಟ್ರಾಕ್ಟ್ ಕಾಗದ ನನ್ನ ಮೇಜಿನ ಮೇಲಿದೆ. ನಾನೂ ಮೂವತ್ತು ಎಣಿಸಿ ಸಹಿ ಹಾಕ್ಲಾ?” ಎಂದು ಅವರು ನಕ್ಕರು. ಒಳ್ಳೆಯ ತಮಾಷೆ ಮಾಡಿದವರ ನಗು.

ಆರು ತಿಂಗಳಿಗೊಮ್ಮೆ ಹೊಸದಾಗುವ ಕೆಲಸ ಅವಳದು. “ನಿನ್ನ ಕೆಲಸಕ್ಕೂ ನನ್ನ ಮಂಡಿಗೂ ಒಂದೇ ಗ್ರಹಚಾರ, ಆರು ತಿಂಗಳಿಗೊಮ್ಮೆ ಡಾಕ್ಟ್ರ ಬಾಯಿ ನೋಡ್ಬೇಕು,” ಎಂದು ಅತ್ತೆ ಇವತ್ತು ಬೆಳಿಗ್ಗೆಯೂ ಚುಚ್ಚಿದ್ದರು. ಗಂಡ ತಟ್ಟೆಯಿಂದ ತಲೆ ಎತ್ತಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಬೂಟುಗಳ ಸದ್ದಾಯಿತು. ಅವಳು ಎಣಿಕೆ ಬಿಟ್ಟಳು. ಎಲ್ಲವನ್ನೂ ನಿಲ್ಲಿಸುವ ಆಜ್ಞೆ, ಒಂಬತ್ತು, ಗುಡ್ಡ. ಬೆರಳು ಎಂಟರ್ ಒತ್ತಿತು.

ಏಳು ಸಾಲು ಹೋದವು. ಎಂಟನೆಯದೂ ಹೋಯಿತು. ಅದನ್ನು ಅವಳು ನೋಡುವ ಮೊದಲೇ ಕೇಳಿಸಿಕೊಂಡಳು. ಹತ್ತೊಂಬತ್ತು ದಿನದಿಂದ ಕಿವಿ ಕೊರೆಯುತ್ತಿದ್ದ ಯಂತ್ರದ ಫ್ಯಾನುಗಳು ಮೆಲ್ಲಗೆ ಸದ್ದು ಇಳಿಸಿದವು. ಕೋಣೆಯಲ್ಲಿ ಗೋಡೆ ಗಡಿಯಾರದ ಟಿಕ್ ಟಿಕ್ ಕೇಳತೊಡಗಿತು. ಅಲ್ಲೊಂದು ಗಡಿಯಾರವಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

“ನೋಡು, ಎಷ್ಟು ಸಲೀಸು,” ಎಂದು ಸಾಹೇಬರು ಟೈ ಸರಿಮಾಡಿಕೊಳ್ಳುತ್ತ ಸಭಾಂಗಣಕ್ಕೆ ಹೋದರು. ಅವರು ಮತ್ತೊಮ್ಮೆ ಒತ್ತಿದ್ದೇ ಗಾಜಿನಾಚೆ ಬಣ್ಣದ ಗುಡ್ಡ ಸರಾಗವಾಗಿ ತಿರುಗಿತು. ಅತಿಥಿಗಳು ಚಪ್ಪಾಳೆ ತಟ್ಟಿದರು.

ಮೇಷ್ಟ್ರ ಹಟ ಒಂದೇ ಇತ್ತು: ಗುಡ್ಡ ಜಾರುತ್ತಿದೆ. ಪ್ರತಿ ಮಂಗಳವಾರ ಅಲ್ಲಿಗೆ ಹೋಗಿ, ತಾವೇ ನೆಟ್ಟ ಕಬ್ಬಿಣದ ಗೂಟಗಳನ್ನು ಅಳೆದು ಬರುತ್ತಿದ್ದರು. ಗೂಟಗಳು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕೆಳಗೆ ಸರಿಯುತ್ತಿದ್ದವು. ಕೂದಲೆಳೆಗೆ ಯಾವ ಸಮಿತಿಯೂ ಹೆದರುವುದಿಲ್ಲ. ಇಡೀ ಗುಡ್ಡವನ್ನು ಪದರ ಪದರವಾಗಿ ಲೆಕ್ಕಕ್ಕಿಟ್ಟು, ಎಷ್ಟು ಭಾರಕ್ಕೆ ಕುಸಿಯುತ್ತದೆಂದು ತೋರಿಸಬೇಕಿತ್ತು. ಆ ಎಂಟನೆಯ ಸಾಲು ಹಾಕುತ್ತಿದ್ದದ್ದು ಇದೇ ಲೆಕ್ಕ, ಅದಕ್ಕೆ ಇಪ್ಪತ್ತೊಂದು ದಿನ. ಗುರುವಾರ ಮುಗಿಯಬೇಕು. ಮೇಲೆ ಇನ್ನೊಂದು ಪದರ ಕಸ ಸುರಿಯಲು ಅಪ್ಪಣೆ ಕೊಡುವ ಸಭೆ ಶುಕ್ರವಾರ. ಮೇಷ್ಟ್ರ ನಿವೃತ್ತಿಯೂ ಅದೇ ಶುಕ್ರವಾರ. ಆಮೇಲೆ ಆ ಸಭೆಯೊಳಗೆ ಅವರಿಗೆ ಕುರ್ಚಿಯಿಲ್ಲ.

ಅತಿಥಿಗಳು ಹೋದ ಮೇಲೆ ಅವಳು ಸಾಹೇಬರ ಕೋಣೆಗೆ ಹೋಗಿ ನಡೆದದ್ದನ್ನು ಹೇಳಿದಳು. ಅವರು ಕಾಗದದ ಲೋಟದಲ್ಲಿ ಉಳಿದ ಕಾಫಿ ಕುಡಿದು, ಲೋಟವನ್ನು ಹಿಸುಕಿ ಬುಟ್ಟಿಗೆಸೆದರು.

“ಕರೆಂಟ್ ಹೋಯ್ತು ಅನ್ನು.”

“ಸರ್?”

“ಕರೆಂಟ್‌ಗೆ ಯಾರೂ ಮೆಮೊ ಕೊಡಲ್ಲ. ನಿನಗೂ ಒಳ್ಳೇದು, ಆ ಮುದುಕನಿಗೂ ಒಳ್ಳೇದು. ನೆಮ್ಮದಿಯಾಗಿ ಮನೆಗೆ ಹೋಗ್ಲಿ ಪಾಪ.” ಮೇಜಿನ ಮೇಲಿದ್ದ ಒಂದು ಹಾಳೆ ಎಳೆದು, ಅವಳ ಕಣ್ಣೆದುರೇ ಸಹಿ ಹಾಕಿ, ಅವಳತ್ತ ತಳ್ಳಿದರು. ಎಣಿಸಲಿಲ್ಲ.

ಮೇಷ್ಟ್ರು ಬಂದದ್ದು ಮೂರು ಗಂಟೆಗೆ. ಬೂಟಿಗೆ ಬೂದಿ ಬಣ್ಣದ ಕೆಸರು, ಬಗಲಲ್ಲಿ ಅಳತೆಯ ಪುಸ್ತಕ. ಯಂತ್ರದ ಕೋಣೆಗೆ ಕಾಲಿಟ್ಟವರು ಬಾಗಿಲಲ್ಲೇ ನಿಂತರು. ತಲೆ ಒಂದಿಷ್ಟು ವಾಲಿಸಿದರು. ಅವರೂ ಕೇಳಿಸಿಕೊಳ್ಳುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

“ಕರೆಂಟ್ ಹೋಗಿತ್ತು ಮೇಷ್ಟ್ರೇ,” ಎಂದಳು. ಅವಳ ದನಿ ಅವಳಿಗೇ ಟೇಪಿನಲ್ಲಿ ಕೇಳಿದ ಹಾಗಿತ್ತು. “ಬ್ಯಾಟರಿಯೂ ಕೈಕೊಟ್ಟಿತು. ಎಲ್ಲಾ ನಿಂತೋಯ್ತು.”

“ಹೌದಾ? ಯಾವಾಗ?”

“ಹನ್ನೊಂದು ಗಂಟೆ ಹೊತ್ತಿಗೆ.”

ಅವರು ಪುಸ್ತಕವನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಒಂದು ಪದ ಟೈಪ್ ಮಾಡಿದರು. ಯಂತ್ರ ಎಷ್ಟು ಹೊತ್ತಿನಿಂದ ಎಚ್ಚರವಾಗಿದೆಯೆಂದು ಹೇಳುವ ಪದ. ಈ ಕೋಣೆಯಲ್ಲಿ ಅವರು ಅವಳಿಗೆ ಕಲಿಸಿದ ಮೊದಲನೆಯದು ಅದೇ. ಸುಳ್ಳು ಹೇಳುವಾಗ ಅದು ಅವಳಿಗೆ ನೆನಪಾಗಲಿಲ್ಲ.

“ಇನ್ನೂರ ಹನ್ನೆರಡು ದಿನ, ಆರು ಗಂಟೆ,” ಎಂದು ಓದಿದರು. “ಕರೆಂಟ್ ಇಲ್ದೆ ಓಡಿದೆ ಹಾಗಾದ್ರೆ. ಗಟ್ಟಿ ಯಂತ್ರ.”

ಅವರು ಮೇಲ್ಮುಖ ಬಾಣದ ಕೀಲಿ ಎರಡು ಸಲ ಒತ್ತಿದರು. ಈ ಮೊದಲು ಕೊಟ್ಟ ಆಜ್ಞೆ ಪರದೆಗೆ ಬಂತು. ಒಂಬತ್ತು, ಗುಡ್ಡ. ಅವರು ಅದನ್ನು ಓದಿದರು, ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ ಮತ್ತೊಮ್ಮೆ ಓದಿದರು.

“ಹೆಸರು ಹಿಡಿದು,” ಎಂದರು.

“ಸಾಹೇಬರು ಹಿಂದೇನೇ ನಿಂತಿದ್ರು ಮೇಷ್ಟ್ರೇ. ಅವರು ಅವಸರ ಮಾಡಿದ್ರು…”

“ಬೆರಳು ಅವರದಾ?”

“ಅಲ್ಲ.”

“ಹದಿನೈದಾದ್ರೂ ಹಾಕಿದ್ರೆ ಉಳಿಸಿಟ್ಟು ನಿಲ್ತಿತ್ತು. ಇವತ್ತೇ ಅಲ್ಲಿಂದ ಮುಂದಕ್ಕೆ ಹೊರಡಿಸಬಹುದಿತ್ತು.” ಅವರು ಅವಳಿಗೆ ಹೇಳುತ್ತಿರಲಿಲ್ಲ, ಯಂತ್ರಕ್ಕೂ ಹೇಳುತ್ತಿರಲಿಲ್ಲ. “ಆರು ಗಂಟೆಗೊಮ್ಮೆ ಉಳಿಸಿಡೋದನ್ನ ನಾನೇ ತೆಗೆದುಹಾಕಿದ್ದೆ. ಪ್ರತಿ ಸಲ ಕಾಲು ಗಂಟೆ ತಿನ್ನತ್ತೆ ಅಂತ. ಗುರುವಾರ ತಪ್ಪಬಾರ್ದು ಅಂತ. ನಾನೂ ಏನು ಕಮ್ಮಿ.”

ಗಡಿಯಾರ ಟಿಕ್ ಟಿಕ್ ಎನ್ನುತ್ತಿತ್ತು. ಅವರು ತಮ್ಮ ಮೇಜಿನ ಖಾನೆ ಎಳೆದು ಪೆನ್ಸಿಲಿನ ಡಬ್ಬಿ, ಹಳೇ ಕನ್ನಡಕದ ಪೆಟ್ಟಿಗೆ, ಚಪ್ಪಟೆಯಾದ ಒಂದು ಟೋಪಿ ಹೊರಗಿಟ್ಟರು. ಶುಕ್ರವಾರಕ್ಕೆ ಎತ್ತಿಕೊಳ್ಳಬೇಕಿದ್ದ ಸಾಮಾನು. ಒಂದೊಂದನ್ನೇ ಚೀಲಕ್ಕೆ ಹಾಕಿದರು.

“ಬೈದುಬಿಡಿ ಮೇಷ್ಟ್ರೇ.”

“ಬೆರಳು ತಪ್ಪತ್ತಮ್ಮ. ನನ್ನದೂ ಎಷ್ಟೋ ಸಲ ತಪ್ಪಿದೆ. ಅದಕ್ಕೇ ಹಾಳೆ ಬರೆದದ್ದು.” ಚೀಲದ ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು. ಅವರು ಅದನ್ನು ಜಗ್ಗಲಿಲ್ಲ, ಹಿಂದಕ್ಕೆ ತಂದು ಮತ್ತೆ ಎಳೆದರು. “ಕರೆಂಟ್ ಹೋಯ್ತು ಅಂದೆಯಲ್ಲ. ಅದಕ್ಕೆ ನನ್ನ ಹತ್ರ ಹಾಳೆ ಇಲ್ಲ.”

ಸಹಿಯಾದ ಕಾಂಟ್ರಾಕ್ಟು ಅವಳ ಸ್ವೆಟರಿನ ಜೇಬಿನಲ್ಲಿ ಮಡಚಿಕೊಂಡಿತ್ತು. ಉಸಿರಾಡಿದಾಗೆಲ್ಲ ಅದರ ಮೂಲೆ ಪಕ್ಕೆಗೆ ತಾಗುತ್ತಿತ್ತು. ಅವಳು ಯಂತ್ರಕ್ಕೂ ಅವರಿಗೂ ನಡುವೆ ಬಂದು ನಿಂತಳು.

“ಈಗಲೇ ಮತ್ತೆ ಶುರು ಮಾಡ್ತೀನಿ. ಇಪ್ಪತ್ತೊಂದು ದಿನ, ಯಾರನ್ನೂ ಈ ಕೀಲಿಮಣೆ ಮುಟ್ಟೋಕೆ ಬಿಡಲ್ಲ. ಉಳಿಸಿಡೋದನ್ನೂ ವಾಪಸ್ ಹಾಕ್ತೀನಿ. ಮುಗಿದ ದಿನ ಕಾಗದ ತಗೊಂಡು ನಾನೇ ನಿಮ್ಮ ಮನೆಗೆ ಬರ್ತೀನಿ. ನಿಮ್ಮ ಹೆಸರಲ್ಲೇ ಸಮಿತಿಗೆ ಕಳಿಸೋಣ. ಈ ಶುಕ್ರವಾರ ತಪ್ಪಿದ್ರೆ ಮುಂದಿನ ಸಭೆಗಾದ್ರೂ ಆಗತ್ತೆ. ಅಷ್ಟಾದ್ರೂ ಮಾಡೋಕೆ ಬಿಡಿ ಮೇಷ್ಟ್ರೇ.”

ಮೇಷ್ಟ್ರು ಅಳತೆಯ ಪುಸ್ತಕವನ್ನು ಮೇಜಿನಿಂದ ಎತ್ತಿ ಬಗಲಿಗೆ ಸಿಕ್ಕಿಸಿಕೊಂಡರು. ಅದಕ್ಕೂ ಅದೇ ಕೆಸರು ಮೆತ್ತಿತ್ತು.

“ಬೇಡ,” ಎಂದರು. “ನೀನು ತಂದದ್ದನ್ನ ನಾನು ನಂಬೋದಿಲ್ಲ.”