ಏಟು ತಿಂದ ಪುಡಿ

ಮೋಟಾರಿನ ಹಳೆಯ ಬೆಲ್ಟು ಬೆನ್ನಿಗೆ ಬಿದ್ದಾಗಲೆಲ್ಲ ಅಕೀಲನ ಅಂಗಿಯಿಂದ ಬಿಳಿ ಧೂಳು ಏಳುತ್ತಿತ್ತು. ಆಮೇಲೆ ಅಂಗಿ ರಕ್ತದಲ್ಲಿ ತೊಯ್ದು, ಧೂಳು ಏಳುವುದೂ ನಿಂತಿತು.

“ಖರೇ ಹೇಳ್ಲೇ! ಛಲೋ ಪುಡಿ ಯಾರಿಗೆ ಮಾರಿದಿ?”

“ನಾ ಮುಟ್ಟಿಲ್ರಿ ಸಾವ್ಕಾರ್ರ, ಅಲ್ಲಾನ ಆಣಿ!”

ದೇವಿಕೊಪ್ಪದ ಬಳಿ ಸಂಗನಬಸವನದೊಂದು ಸಣ್ಣ ಕಾರ್ಖಾನೆ. ಬೆಳೆಗೆ ಔಷಧ ಹೊಡೆಯುವ ಪಂಪಿನ ಮೂತಿಗೆ ಕೂರಿಸುವ ಪಿಂಗಾಣಿ ಬಿಲ್ಲೆಗಳು ಅಲ್ಲಿ ತಯಾರಾಗುತ್ತವೆ. ಪೀಪಾಯಿಯಲ್ಲಿ ಗಟ್ಟಿ ಗುಂಡುಗಳ ಜೊತೆ ಪುಡಿ ಹಾಕಿ, ಗರಗರ ತಿರುಗಿಸಿ ಅರೆಯುವ ಕೆಲಸ ಅಕೀಲನದು. ಈ ಸಲ ಭಟ್ಟಿಯಿಂದ ಹೊರಬಂದ ಬಿಲ್ಲೆಗಳೆಲ್ಲ ಬಿರುಕು. ಎಂ.ಎಸ್ಸಿ ಓದಿದ ಸಂಗನಬಸವನ ಮಗಳು ಅಮೃತಾ, ಅರೆದ ಪುಡಿಯನ್ನೂ ಅರೆಯದ ಪುಡಿಯನ್ನೂ ಲ್ಯಾಬಿಗೆ ಕಳಿಸಿದ್ದಳು. ಪುಡಿಯ ಒಳರಚನೆ ತೋರಿಸುವ ಎಕ್ಸ್‌ರೇ ಪರೀಕ್ಷೆಯಲ್ಲಿ ಎರಡೂ ಒಂದಕ್ಕೊಂದು ತಾಳೆಯಾಗಲಿಲ್ಲ. “ಇದು ನಮ್ಮ ಪುಡೀನ ಅಲ್ರಿ ಅಪ್ಪಾಜಿ,” ಎಂದುಬಿಟ್ಟಳು. ದಂಡಂ ದಶಗುಣಂ ಎಂದು ನಂಬಿದ ಮನುಷ್ಯನಿಗೆ ಅಷ್ಟೇ ಸಾಕಾಯಿತು.

ಈಗ ಬಾಗಿಲಲ್ಲಿ ನಿಂತು ಅವಳೇ ಕೂಗುತ್ತಿದ್ದಳು. “ಸಾಕ್ರಿ ಅಪ್ಪಾಜಿ, ಸಾಯ್ತಾನ ಅಂವಾ!”

ಸಂಗನಬಸವ ಅಕೀಲನ ಬಲಗೈಯನ್ನು ನೆಲಕ್ಕೆ ಒತ್ತಿ ಬೂಟುಗಾಲಿನಿಂದ ತುಳಿದ. ಬೆರಳುಗಳು ಲಟಲಟ ಮುರಿದವು.

“ಹೌದ್ರಿ! ಕದ್ದೀನ್ರಿ!” ಅಕೀಲ ಚೀರಿದ. “ಹುಬ್ಬಳ್ಳ್ಯಾಗ ಮಾರೀನ್ರಿ. ಬಿಡ್ರಿ ನನ್ನ!”

“ಕೇಳಿದೇನ ಅಮೃತಾ?” ಅಪ್ಪ ಬೆವರು ಒರೆಸಿಕೊಂಡು, ಪೊಲೀಸರನ್ನು ಕರೆಯಲು ಮೊಬೈಲು ತೆಗೆದ.

ಅಷ್ಟರಲ್ಲಿ ಅಮೃತಾಳ ಮೊಬೈಲು ರಿಂಗಾಯಿತು. ಲ್ಯಾಬಿನಲ್ಲಿರುವ ಗೆಳತಿ ಸಂಪದಾ.

“ನೀ ಕಳಿಸಿದ ಅರೀಲಾರದ ಪುಡೀನ ನಾವೂ ಭಾಳ ಹೊತ್ತು ಅರದು ನೋಡಿದ್ವಿ. ಅದೂ ಹಂಗ ಆಗೇದ. ಅರೆಯೋ ಗುಂಡಿನ ಏಟಿಗೆ ಒಳಗಿನ ಹರಳಿನ ಜೋಡಣಿನ ಬದಲಾಗ್ತದ. ಭಟ್ಯಾಗ ಇಟ್ರ ಸೀಳ್ತದ. ಪುಡಿ ನಿಮ್ಮದ ಅದ.”

ನುಣ್ಣಗಾದಷ್ಟೂ ಒಳ್ಳೆಯದೆಂದು, ಈ ಸಲ ಎರಡರಷ್ಟು ಹೊತ್ತು ಅರೆಯಲು ಅಕೀಲನಿಗೆ ಹೇಳಿದ್ದು ಅಮೃತಾಳೇ. ನಾಚಿಕೆಯಿಂದ ಸಾಯುವಂತಾಯಿತು. ಓಡಿಹೋಗಿ ಅಪ್ಪನ ಕೈಯಿಂದ ಮೊಬೈಲು ಕಸಿದುಕೊಂಡಳು.

“ಅಂವಾ ಕದ್ದಿಲ್ರಿ! ನಾ ಹೇಳಿದ್ದಕ್ಕ ಹೆಚ್ಚು ಅರದಾನ. ಏಟು ಬಿದ್ದು ಬಿದ್ದು ಪುಡಿನ ಬದಲಾಗೇತಿ!”

“ಮತ್ತ ಇಂವಾ ಯಾಕ ಒಪ್ಪಿಕೊಂಡಾ?” ಅಪ್ಪ ಬೆಲ್ಟು ಕೆಳಗಿಡಲಿಲ್ಲ.

ಅಮೃತಾ ಅಕೀಲನ ಎದುರು ಮೊಣಕಾಲೂರಿ ಕುಳಿತಳು. “ಅಕೀಲಣ್ಣಾ, ನೀ ಕದ್ದಿಲ್ಲ. ನನಗ ಗೊತ್ತಾಗೇತಿ. ಕದ್ದಿಲ್ಲ ಅಂತ ಹೇಳು.”

ಅಕೀಲ ಅವಳ ಮುಖ ನೋಡಲಿಲ್ಲ. ಸಾವಕಾರನ ಕೈಯನ್ನೇ ನೋಡುತ್ತ, ಜಜ್ಜಿದ ಬೆರಳುಗಳನ್ನು ಎದೆಗೆ ಅವಚಿಕೊಂಡು ಗೋಡೆಯವರೆಗೆ ಹಿಂದೆ ಸರಿದ.

“ಇಲ್ರಿ ಅಕ್ಕಾರ,” ಎಂದ. “ನಾನ ಕದ್ದೀನ್ರಿ.”